ಸೇನಿಯ ಬಕೆಟ್ಟು

ಮುಚ್ಚಿದ ನಲ್ಲಿಯನ್ನು ಕಂಡರೆ ಸೇನಿ ತೌಫಾಳ ಕೈ ಸುಮ್ಮನಿರುತ್ತಿರಲಿಲ್ಲ. ಕಾಲೇಜಿನ ಅಂಗಳವಾಗಲಿ, ಪರರ ಹಿತ್ತಲಾಗಲಿ, ಅದನ್ನು ತಿರುಗಿಸಿ, ಕೆಳಗೆ ಬಕೆಟ್ಟಿಟ್ಟು, ತುಟಿಯೊಳಗೇ ಒಂದು, ಎರಡು, ಮೂರು ಎಂದು ಎಣಿಸುತ್ತ ನಿಂತುಬಿಡುವಳು. ತುಂಬಿದ ನೀರನ್ನು ಹತ್ತಿರದ ಗಿಡಕ್ಕೆ ಸುರಿದ ಮೇಲೆಯೇ ಮಾತಿಗೆ ಬರುವಳು. ದ್ರಾಕ್ಷಿತೋಟಗಳಲ್ಲಿ ನೀರು ಹಾಯಿಸುವ ಅಪ್ಪನ ಹಳೆಯ ಕೋಟನ್ನು ತೋಳು ಮೂರು ಮಡಿಕೆ ಮಡಚಿ ತೊಟ್ಟು, ಅವಸರವೆಂಬುದನ್ನೇ ಅರಿಯದ ನಡಿಗೆಯಲ್ಲಿ ಅವಳು ತರಗತಿಗೆ ಬರುವಷ್ಟರಲ್ಲಿ ನಾನು ಹಾಜರಿ ಮುಗಿಸಿರುತ್ತಿದ್ದೆ. ಏನು ಹೇಳುವ ಮೊದಲೂ “ತಪ್ಪು ತಿಳ್ಕೋಬೇಡಿ” ಎನ್ನುವಳು. ಅದರ ಹಿಂದೆ ಬರುವುದು ಯಾರಿಗೂ ಹಿತವಾದ ಮಾತಲ್ಲವೆಂದು ನಮಗೆಲ್ಲ ಅನುಭವವಾಗಿತ್ತು.

ಮರ್ರೆ ನದಿಯ ದಂಡೆಯ ನಮ್ಮ ಊರಿನಲ್ಲಿ, ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿನ ಬೇಲಿಗೆ ಹೊಂದಿಕೊಂಡು ಊರವರೆಲ್ಲ ಸೇರಿ ಬೆಳೆಸುವ ತೋಟವೊಂದಿದೆ: ಹದಿನಾಲ್ಕು ಮಡಿ, ಒಂದೇ ನಲ್ಲಿ. ಅದರ ಉಸ್ತುವಾರಿ ಎಪ್ಪತ್ತಾರು ವರ್ಷದ ಡಲ್ಸಿ ವಿಟ್‌ಫೋರ್ಡ್ ಅವರದು. ಆ ವರ್ಷ ಅವರ ಭುಜ ಕೈಕೊಟ್ಟು, ನೀರಿನ ಡಬ್ಬ ಎತ್ತಲಾಗದಂತಾಗಿತ್ತು. ಅವರ ಮಡಿಯೋ ಕಟ್ಟಕಡೆಯದು. ಬೇಸಿಗೆಯೊಳಗೆ ಅಲ್ಲಿಗೆ ಹನಿನೀರು ಬಾರದಿದ್ದರೆ, ಇಪ್ಪತ್ತು ವರ್ಷ ಟೊಮೆಟೊ ಬೆಳೆದ ಆ ಮಣ್ಣನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ನಿರ್ಧರಿಸಿದ್ದರು. ನೀರಾವರಿಯ ನಕ್ಷೆ ಮಾಡಿಕೊಡಿರೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದವರೂ ಅವರೇ.

ನಾವು ಅಳತೆಗೆ ಹೋದದ್ದು ಮಧ್ಯಾಹ್ನ ಎರಡಕ್ಕೆ. ವಿದ್ಯಾರ್ಥಿಗಳು ಏಳುವುದೇ ಹತ್ತಕ್ಕೆ. ಅವರ ಮೇಷ್ಟರೂ ಅವರಿಗಿಂತ ಚುರುಕೇನಲ್ಲ. ಬಕೆಟ್ಟು ಇಪ್ಪತ್ತು ಸೆಕೆಂಡಿನಲ್ಲಿ ತುಂಬಿತು. ಆ ಲೆಕ್ಕದ ಮೇಲೆ ಕ್ಯಾಲಮ್ ಎಂಬ ಜಾಣ ಹುಡುಗ ಹದಿನಾಲ್ಕೂ ಮಡಿಗಳಿಗೆ ಏಕಕಾಲಕ್ಕೆ ನೀರುಣಿಸುವ ಅಂದದ ನಕ್ಷೆ ಬರೆದ; ಸೇನಿಯೂ ಅದರಡಿ ಹೆಸರು ಹಾಕಿದಳು, ನಾನು ಒಪ್ಪಿಗೆ ಕೊಟ್ಟೆ.

ತೋಟದವರೆಲ್ಲ ಕೂಡಿ ನಕ್ಷೆ ನೋಡುವ ದಿನ ಬಂತು. ಮರುದಿನವೇ ಪೈಪು ಹೂಳಲು ನೆಲ ಅಗೆಯಬೇಕು. ಕ್ಯಾಲಮ್ ಮಾತು ಮುಗಿಸಿದ, ಚಪ್ಪಾಳೆ ಬಿತ್ತು, ಡಲ್ಸಿಯವರ ಮುಖ ಅರಳಿತು. ಆಗ ಹಿಂದಿನ ಬೆಂಚಿನಿಂದ ಸೇನಿ ಎದ್ದು ನಿಂತಳು.

“ತಪ್ಪು ತಿಳ್ಕೋಬೇಡಿ. ಈ ನಕ್ಷೆ ಸರಿಯಿಲ್ಲ.”

“ಲೇ, ಅದರ ಮೇಲೆ ನಿನ್ನ ಹೆಸರೂ ಇದೆ ಕಣೇ!” ಎಂದ ಕ್ಯಾಲಮ್.

“ಅದಕ್ಕೇ ಹೇಳ್ತಿರೋದು ಕಣೋ.”

ಅಂದು ಬೆಳಿಗ್ಗೆ ಆರಕ್ಕೆ ಪೈಪಿನ ದಾರಿ ಗುರುತಿಸುವ ಗೂಟ ನೆಡಲು ಹೋದವಳು ಅಭ್ಯಾಸಬಲದಿಂದ ನಲ್ಲಿ ತಿರುಗಿಸಿದ್ದಳಂತೆ. ಬಕೆಟ್ಟು ತುಂಬಲು ನಲವತ್ತು ಸೆಕೆಂಡು ಹಿಡಿಯಿತು. ಬೇಲಿಯಾಚೆ ಕ್ಲಬ್ಬಿನ ಹುಲ್ಲಿಗೆ ನೀರು ಚಿಮ್ಮುತ್ತಿತ್ತು; ಎರಡು ಕಡೆಗೂ ಬರುವುದು ಒಂದೇ ಪೈಪು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ತೋಟಕ್ಕೆ ನೀರು ಬಿಡುವಂತಿಲ್ಲವಾದ್ದರಿಂದ ನಮ್ಮ ಹನಿನೀರಿಗೂ ಗೊತ್ತುಮಾಡಿದ್ದುದು ಅದೇ ಆರು ಗಂಟೆ.

“ಎಲ್ಲಾದಕ್ಕೂ ಒಟ್ಟಿಗೆ ಬಿಟ್ರೆ ಕೊನೇ ಮಡಿಗೆ ಒಂದ್ ಹನೀನೂ ಬರಲ್ಲ, ಡಲ್ಸಿ. ಅದು ನಿಮ್ದು.”

ಸುಳ್ಳೇಕೆ, ನನಗೆ ಸಿಟ್ಟೇ ಬಂತು. ಮೊದಲು ನನ್ನ ಕಿವಿಯಲ್ಲಿ ಹೇಳಬಾರದಿತ್ತೇ? ಡಲ್ಸಿಯವರು, “ಕ್ಲಬ್ಬಿನೋರು ಬೆಳಿಗ್ಗೆ ನೀರು ಬಿಡೋದು ನಂಗೆ ಗೊತ್ತಿತ್ತು ಮಗೂ. ಯಾರೂ ಕೇಳ್ಲಿಲ್ಲ, ಕಾಲೇಜಿನೋರಿಗೆ ಗೊತ್ತಿರುತ್ತೆ ಅನ್ಕೊಂಡೆ,” ಎಂದು ನನ್ನತ್ತ ನೋಡಿದರು. ನಾನು ನಕ್ಷೆಯತ್ತ ನೋಡಿದೆ.

“ಒಂದು ವಾರ ಕೊಡಿ,” ಎಂದಳು ಸೇನಿ. “ಮೊದ್ಲು ಆಚೆ ಏಳು ಮಡಿಗೆ ಬಿಡೋಣ, ಆಮೇಲೆ ಈಚೆ ಏಳು ಮಡಿಗೆ. ನಮ್ಮಪ್ಪ ದ್ರಾಕ್ಷಿಗೆ ಹಾಗೇ ಬಿಡೋದು.”

ಆ ವಾರವೆಲ್ಲ ಕ್ಯಾಲಮ್ ಗೊಣಗುತ್ತಲೇ ಆರಕ್ಕೆ ಬಂದ. ಮಾನ ಉಳಿಸಿಕೊಳ್ಳಲು ನಾನೂ ಎದ್ದು ಬಂದೆ. ನಲ್ಲಿಯ ಬಳಿ ನೀರನ್ನು ಎರಡು ಪಾಲು ಮಾಡಿ, ಹೊಸ ನಕ್ಷೆ ಬರೆದು, ನೆಲ ಅಗೆದು ಪೈಪು ಹೂಳಿದ್ದಾಯಿತು. ನಮ್ಮಲ್ಲಿ ಬೇಸಿಗೆ ಕಾಲಿಡುವ ನವೆಂಬರಿನ ಒಂದು ಮುಂಜಾವು, ಬೇಲಿಯಾಚೆ ಎಂದಿನಂತೆ ನೀರು ಚಿಮ್ಮುತ್ತಿರಲು, ಡಲ್ಸಿಯವರು ಕಟ್ಟಕಡೆಯ ಮಡಿಯ ಮೇಲೆ ಬಾಗಿ ಮಣ್ಣಿಗೆ ಬೆರಳು ತೂರಿಸಿದರು. ಬೆರಳಿಗೆ ಕಪ್ಪು ಕೆಸರು ಮೆತ್ತಿಕೊಂಡಿತು.

“ನೋಡ್ತಾ ನಿಂತ್ಯಲ್ಲ, ಟೊಮೆಟೊ ಸಸಿ ಕೊಡಮ್ಮ ಇಲ್ಲಿ!” ಎಂದು ಅವರು ಸೇನಿಯನ್ನು ಗದರಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸೇನಿಯಂಥವರು ಸಭೆಗೆ ಒಗ್ಗುವವರಲ್ಲ. ಚಪ್ಪಾಳೆಯ ನಡುವೆ ಎದ್ದು ನಿಂತು ನಮ್ಮಂಥವರ ಮೈ ಉರಿಸುತ್ತಾರೆ. ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುವ ಧೈರ್ಯ ಅವರಿಗೆ ಎಲ್ಲಿಂದ ಬರುತ್ತದೆಂದು ಬಹಳ ದಿನ ಯೋಚಿಸಿದ್ದೇನೆ. ನಾವು ಹದಿನಾಲ್ಕನೆಯ ಮಡಿ ಎಂದು ಬರೆದಿಟ್ಟ ಕಡೆ ಅವರಿಗೆ ಭುಜ ನೋಯುವ ಒಬ್ಬ ಹೆಂಗಸು ಕಾಣುತ್ತಾಳೆ. ಕಂಡ ಮೇಲೆ ಸುಮ್ಮನೆ ಕೂರುವುದು ಅವರಿಂದ ಆಗದು.