ಸಿಂಬಳ ನಾಯಿಯ ಸಾಲು

ಅಪಲಾಚಿಯನ್ ಬೆಟ್ಟಗಳ ಸಂದಿಯ ಹಾಬ್ಸ್ ಗ್ಯಾಪ್ ಊರಿನಲ್ಲಿ ತಲೆಗೂದಲೂ ತೆರಿಗೆಯೂ ಒಂದೇ ಕುರ್ಚಿಯಲ್ಲಿ ಇತ್ಯರ್ಥವಾಗುತ್ತಿದ್ದವು. ಆರ್ಡಿತ್ ಮಲಿನ್ಸ್ ವರ್ಷವಿಡೀ ಕತ್ತರಿ ಹಿಡಿಯುವವಳು. ಜನವರಿ ಬಂತೆಂದರೆ ಕನ್ನಡಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೂದಲು ಕತ್ತರಿಸಿಕೊಂಡವರನ್ನು ಎಬ್ಬಿಸದೆ, ಅಲ್ಲೇ ಅವರ ತೆರಿಗೆ ಲೆಕ್ಕವನ್ನೂ ತುಂಬಿ ಕಳಿಸುವಳು. ವಾಷಿಂಗ್ಟನ್ನಿಗೆ ಒಂದು, ರಾಜ್ಯಕ್ಕೆ ಒಂದು. ವಾಷಿಂಗ್ಟನ್ನಿನದು ಅವಳಿಗೆ ಬರೀ ಕೂಲಿ ಕೆಲಸ. ರಾಜ್ಯದ್ದು ಹಾಗಲ್ಲ, ಅದರ ಕೊನೆಯ ಪುಟದಲ್ಲಿ ಅವಳ ಪ್ರಾಣ ಇತ್ತು.

ಆ ಪುಟದಲ್ಲಿ ನಾಲ್ಕು ಸಾಲುಗಳು. ಹೆಚ್ಚು ಕಟ್ಟಿದ ತೆರಿಗೆಯನ್ನು ವಾಪಸು ಪಡೆಯುವವರು ಅದರಲ್ಲಿ ಒಂದೆರಡು ಡಾಲರನ್ನು ಒಳ್ಳೆಯ ಕೆಲಸಕ್ಕೆ ಬಿಟ್ಟುಕೊಡಬಹುದು. ಸಾಲಿನ ಮುಂದಿನ ಚೌಕದಲ್ಲಿ ಗುರುತು ಹಾಕಿದರೆ ಆಯಿತು. ಜನ ಹೆಚ್ಚು ಮೆಚ್ಚಿದ ಸಾಲು ಮೇಲೆ, ಕಡಿಮೆ ಮೆಚ್ಚಿದ್ದು ಕೆಳಗೆ. ಎಲ್ಲಕ್ಕಿಂತ ಮೇಲೆ ದೇಶದ ಲಾಂಛನವಾದ ಹದ್ದು. ಹದ್ದಿಗೆ ದುಡ್ಡು ಕೊಡಿ ಎಂದು ಈ ದೇಶದಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆಮೇಲೆ ಬೆಂಕಿ ಆರಿಸುವವರು, ಆಮೇಲೆ ಶಾಲೆಮಕ್ಕಳ ಊಟ. ತೀರ ಕೆಳಗೆ, ಹನ್ನೊಂದು ವರ್ಷದಿಂದ ಅಲ್ಲೇ, ಹೆಲ್‌ಬೆಂಡರ್ ಮತ್ತು ಅದು ಬಾಳುವ ಹೊಳೆಗಳು.

ಹೆಲ್‌ಬೆಂಡರ್ ಅನ್ನುವುದು ಕಾಗದದ ಹೆಸರು. ಬೆಟ್ಟದ ಜನ ಕರೆಯುವುದು ಸಿಂಬಳ ನಾಯಿ ಎಂದೇ. ಎರಡಡಿ ಉದ್ದದ, ಹಲ್ಲಿಯ ಆಕಾರದ ನೀರುಪ್ರಾಣಿ. ಚಪ್ಪಟೆ ತಲೆ, ಪಕ್ಕೆಯುದ್ದಕ್ಕೂ ನೆರಿಗೆ ನೆರಿಗೆಯಾಗಿ ಜೋಲುವ ಚರ್ಮ, ಮೈತುಂಬ ಲೋಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇದನ್ನು ಕಂಡರೆ ಹೆತ್ತವರೂ ಒಮ್ಮೆ ಯೋಚಿಸಿಯಾರು. ಆದರೆ ಅದು ಚರ್ಮದಿಂದಲೇ ಉಸಿರಾಡುವ ಪ್ರಾಣಿ. ನೀರು ಕೆಟ್ಟರೆ ಮೊದಲು ಸಾಯುವುದು ಅದು, ಆಮೇಲೆ ಮೀನು, ಆಮೇಲೆ ದನ, ಆಮೇಲೆ ನಾವು.

ಆ ಸಾಲನ್ನು ಅಲ್ಲಿ ತಂದು ಕೂರಿಸಿದವಳೇ ಆರ್ಡಿತ್. ಹನ್ನೊಂದು ವರ್ಷದ ಹಿಂದೆ ಅರಣ್ಯ ಇಲಾಖೆಯವರ ಜೊತೆ ಒಂದು ಸಿಂಬಳ ನಾಯಿಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ರಾಜಧಾನಿಗೆ ಹೋಗಿ ಶಾಸಕರ ಮುಂದೆ ನಿಂತಿದ್ದಳು. ಬಗ್ಗಿ ನೋಡಿದ ಒಬ್ಬರ ಟೈ ಬಕೆಟ್ಟಿನೊಳಗೆ ಬಿದ್ದು ಲೋಳೆಯಾಯಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಆ ನಗುವಿನಲ್ಲೇ ಮಸೂದೆ ಪಾಸಾಯಿತು. ನಕ್ಕರೆ ನಗಲಿ, ಕೈ ಎತ್ತಿದರೆ ಸಾಕು ಎಂದುಕೊಂಡು ಅವಳು ಬಕೆಟ್ ಎತ್ತಿಕೊಂಡು ಊರಿಗೆ ಬಂದಳು. ಅಂದಿನಿಂದ ಆ ಸಾಲಿನ ದುಡ್ಡಿನಲ್ಲಿ ಟ್ಯಾಮ್ಸಿನ್ ಎಂಬ ಹುಡುಗಿ ಮೊಣಕಾಲುದ್ದ ಬೂಟು ಹಾಕಿಕೊಂಡು ಊರ ಪಕ್ಕದ ಟರ್ಕಿಪೆನ್ ಹೊಳೆಗೆ ಬಂದು, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಿದ್ದಳು. ಬೇರೆ ಯಾರೂ ಆ ಹೊಳೆಯ ಕಡೆ ತಿರುಗಿ ನೋಡಿದವರಲ್ಲ.

ಆದರೆ ನಗುತ್ತಾ ಪಾಸು ಮಾಡಿದವರು ಒಂದು ಕೊಕ್ಕೆಯನ್ನೂ ಇಟ್ಟಿದ್ದರು. ಎರಡು ವರ್ಷ ಒಂದರ ಹಿಂದೊಂದು ಐದು ಸಾವಿರ ಜನ ಗುರುತು ಹಾಕದಿದ್ದರೆ ಆ ಸಾಲನ್ನು ತೆಗೆದುಹಾಕತಕ್ಕದ್ದು. ಹೋದ ವರ್ಷ ಅಷ್ಟು ಜನ ಆಗಿರಲಿಲ್ಲ. ಈ ವರ್ಷ ಫೆಬ್ರವರಿ ಮುಗಿದರೂ ಅರ್ಧಕ್ಕೆ ಬಂದಿಲ್ಲ ಎಂದು ರಾಜಧಾನಿಯಿಂದ ಗುಮಾಸ್ತೆಯೊಬ್ಬಳು ಫೋನಿನಲ್ಲಿ ತಿಳಿಸಿದಳು. ಸಾಲು ಹೋದರೆ ಟ್ಯಾಮ್ಸಿನ್ ಹೋದಳು, ಟ್ಯಾಮ್ಸಿನ್ ಹೋದರೆ ಹೊಳೆ ದಿಕ್ಕಿಲ್ಲದ್ದಾಯಿತು.

ಈ ಸುದ್ದಿಗೆ ಸಂತೋಷಪಟ್ಟವನು ಊರಿನಲ್ಲಿ ಒಬ್ಬನಿದ್ದ, ಅಥವಾ ಇದ್ದಾನೆಂದು ಎಲ್ಲರೂ ನಂಬಿದ್ದರು. ಬರ್ಲ್ ರ‍್ಯಾಟ್ಲಿಫ್, ಚರ್ಚಿನ ಹಿರಿಯ, ಅಂದರೆ ಡೀಕನ್. ಹತ್ತೊಂಬತ್ತರ ಹರೆಯದಲ್ಲಿ ಅವನು ತನ್ನ ಗಾಳಕ್ಕೆ ಬಿದ್ದ ಸಿಂಬಳ ನಾಯಿಯೊಂದನ್ನು ಹೊಳೆಯ ದಂಡೆಯ ಸಿಕಮೋರ್ ಮರಕ್ಕೆ ಜೀವಂತ ಮೊಳೆ ಹೊಡೆದಿದ್ದ. ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಆದರೆ ಅಂದು ಅದನ್ನು ಕಣ್ಣಾರೆ ಕಂಡ ಹುಡುಗಿ ಆರ್ಡಿತ್. ಮುಂದೆ ಅಂಗಡಿ ಇಟ್ಟಾಗ ಬರ್ಲ್‌ನ ತಲೆ ಮಾತ್ರ ಮುಟ್ಟುವುದಿಲ್ಲ ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು. ನಲವತ್ತು ವರ್ಷದಿಂದ ಅವನು ಕೂದಲು ಕತ್ತರಿಸಿಕೊಳ್ಳಲು ಬೆಟ್ಟ ದಾಟಿ ಕಾರ್ಲಿನ್‌ಗೆ ಹೋಗುತ್ತಿದ್ದ. ಸಾಲದೆಂಬಂತೆ, ಹೊಳೆಯ ಚಪ್ಪಟೆ ಬಂಡೆಯ ಕೆಳಗೆ ಮೂವತ್ತು ವರ್ಷದಿಂದ ಜಾಗ ಬಿಡದೆ ಕೂತಿರುವ ಮುದಿ ಸಿಂಬಳ ನಾಯಿಗೆ ಆರ್ಡಿತ್ ಡೀಕನ್ ಎಂದೇ ಹೆಸರಿಟ್ಟಿದ್ದಳು. ದಪ್ಪಗಿದೆ, ಎದ್ದು ಹೋಗುವುದಿಲ್ಲ, ಯಾರಿಗೂ ಉಪಕಾರವಿಲ್ಲ ಎಂಬುದು ಅವಳ ವಿವರಣೆ.

ಮಾರ್ಚಿನ ಒಂದು ಬೆಳಿಗ್ಗೆ ಓಪಲ್ ಫ್ಯೂಗೇಟ್ ಎಂಬ ಮುದುಕಿ ತಲೆಗೆ ಬಿಸಿ ಸುರುಳಿ ಸುತ್ತಿಸಿಕೊಳ್ಳುತ್ತ ಕೂತಿದ್ದಳು.

"ರಾಜ್ಯದ ತೆರಿಗೆ ಪತ್ರ ಕಳಿಸಿದ್ಯಾ ಓಪಲ್?" ಎಂದು ಆರ್ಡಿತ್ ಸುಮ್ಮನೆ ಕೇಳಿದಳು.

"ನಂಗ್ಯಾಕೆ ಅದು? ಪಿಂಚಣಿಯೋಳು ನಾನು, ಕಳಿಸಲೇಬೇಕು ಅಂತೇನಿಲ್ಲ. ಅವರು ಹಿಡ್ಕೊಂಡಿರೋದು ಏಳು ಡಾಲರು. ಅದನ್ನ ವಾಪಸ್ ತಗೊಳಕ್ಕೆ ನಿಂಗೆ ಇಪ್ಪತ್ತು ಕೊಡ್ಬೇಕು. ಮೂಗಿಗಿಂತ ಮೂಗುತಿ ಭಾರ ಕಣೆ."

ಆರ್ಡಿತ್‌ಳ ಕೈ ಸುರುಳಿಯ ಮೇಲೆ ಹಾಗೇ ನಿಂತಿತು.

"ನಿನ್ ಥರ ಎಷ್ಟು ಜನ ಇದೀರೆ?"

"ಯಾರಿಲ್ಲ ಹೇಳು. ಮರದ ಕಾರ್ಖಾನೆಲಿ ಇದ್ದವರೆಲ್ಲ ಹಂಗೇ. ಬಿಸಿ ಆಗ್ತಿದೆ, ತಲೆ ಸುಡ್ಬೇಡ."

ಹನ್ನೊಂದು ವರ್ಷ ಈ ಮಾತು ತನಗೆ ಹೊಳೆಯದೆ ಹೋಯಿತಲ್ಲ ಎಂದು ಆರ್ಡಿತ್ ತನ್ನನ್ನೇ ಬೈದುಕೊಂಡಳು. ತೆರಿಗೆ ಬಾಕಿ ಇದ್ದವನು ಆಸೆಪಟ್ಟರೂ ಗುರುತು ಹಾಕುವಂತಿಲ್ಲ. ವಾಪಸು ಬರುವ ದುಡ್ಡಿರಬೇಕು. ಆ ದುಡ್ಡು ಇದ್ದವರು ಬೆಟ್ಟದ ತುಂಬ ಜಗಲಿಯ ಮೇಲೆ ಕೂತಿದ್ದರು, ಏಳು ಡಾಲರು, ಒಂಬತ್ತು ಡಾಲರು, ಯಾರೂ ಕೇಳದ ದುಡ್ಡು. ಬೇಕಾದದ್ದು ಅದರಲ್ಲಿ ತಲೆಗೆ ಒಂದೇ ಡಾಲರು.

ಮಧ್ಯಾಹ್ನದೊಳಗೆ ಕಿಟಕಿಗೆ ಹಲಗೆ ಬಿತ್ತು: ಪಿಂಚಣಿಯವರಿಗೆ ರಾಜ್ಯದ ತೆರಿಗೆ ಪತ್ರ ಪುಕ್ಕಟೆ. ಗುರುತು ಹಾಕುವುದು ಬಿಡುವುದು ನಿಮ್ಮಿಷ್ಟ. ಆದರೆ ಕತ್ತರಿ ನನ್ನ ಕೈಯಲ್ಲಿರುತ್ತದೆ.

ಜನ ಬಂದರು. ಹುಟ್ಟಿದಾಗಿನಿಂದ ಸರ್ಕಾರಕ್ಕೆ ಬೆನ್ನು ತೋರಿಸಿಕೊಂಡೇ ಬದುಕಿದ ಮುದುಕರು ಕಾಗದಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದರು. ಕಾಡುಬೆಳ್ಳುಳ್ಳಿಯ ಕಾಲ ಬೇರೆ. ಅದನ್ನು ಹಂದಿಕೊಬ್ಬಿನಲ್ಲಿ ಹುರಿದು ತಿಂದವರ ಬಾಯಿಯಿಂದ ಅಂಗಡಿಯೆಲ್ಲ ನಾರಿತು.

"ಆ ದರಿದ್ರ ಪ್ರಾಣಿ ನನ್ ಗಾಳ ಎಷ್ಟು ತಿಂದಿದೆ ಗೊತ್ತಾ? ಈಗ ನಾನೇ ಅದಕ್ಕೆ ದುಡ್ಡು ಕೊಡ್ಬೇಕಾ?" ಎಂದ ಒಬ್ಬ.

"ಗಾಳ ತಿಂದಿದ್ದು ಅದು, ಬುದ್ಧಿ ತಿಂದಿದ್ದು ಯಾರೋ. ಗುರುತು ಹಾಕ್ತೀಯೋ ಇಲ್ವೋ?"

"ಹಾಕು, ಹಾಕು. ಒಂದು ಡಾಲರಿಗೆ ನಿನ್ನ ಬಾಯಿ ಮುಚ್ಚುತ್ತೆ ಅಂದ್ರೆ ಅಗ್ಗ."

ಒಂದು ಊರಿನಿಂದ ಐದು ಸಾವಿರ ಆಗುವುದಿಲ್ಲವೆಂದು ಆರ್ಡಿತ್‌ಗೆ ಗೊತ್ತಿತ್ತು. ಅವಳು ಕತ್ತರಿ ಕಲಿತ ಕಾಲದ ಗೆಳತಿಯರು ರಾಜ್ಯದ ತುಂಬ ಅಂಗಡಿ ಇಟ್ಟಿದ್ದರು. ಒಬ್ಬೊಬ್ಬರಿಗೂ ಫೋನು ಮಾಡಿದಳು, ಅವರು ತಮ್ಮ ಗೆಳತಿಯರಿಗೆ ಮಾಡಿದರು. ಕುತ್ತಿಗೆಗೆ ಬಟ್ಟೆ ಕಟ್ಟಿ ಕೂರಿಸಿದ ಮೇಲೆ ಮನುಷ್ಯ ಎಲ್ಲಿಗೆ ಓಡಿಯಾನು? ಚರ್ಚಿನಲ್ಲಿ ನಿದ್ದೆ ಮಾಡುವವರೂ ಕತ್ತರಿಯ ಮುಂದೆ ಎಚ್ಚರವಾಗಿರುತ್ತಾರೆ. ಗಣಿಯೂರುಗಳಲ್ಲಿ, ನದಿ ಪೇಟೆಗಳಲ್ಲಿ, ರಾಜಧಾನಿಯಲ್ಲೇ ಶಾಸಕರ ಹೆಂಡತಿಯರು ಬಣ್ಣ ಹಚ್ಚಿಸಿಕೊಳ್ಳುವ ಕಡೆಯೂ ಸಿಂಬಳ ನಾಯಿಯ ಮಾತೇ ಮಾತಾಯಿತು. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ಹಳ್ಳಕ್ಕೇ ಬಂದು ತಗುಲಿಕೊಂಡಿತು.

ಏಪ್ರಿಲ್ ಹದಿನೈದು, ಕಳಿಸಲು ಕೊನೆಯ ದಿನ. ಸಂಜೆ ಅಂಗಡಿ ಖಾಲಿಯಾಗಿ ಆರ್ಡಿತ್ ನೆಲ ಗುಡಿಸುತ್ತಿದ್ದಾಗ ಬಾಗಿಲು ತೆರೆದುಕೊಂಡು ಬರ್ಲ್ ರ‍್ಯಾಟ್ಲಿಫ್ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ಟೋಪಿಯೊಳಗೆ ಮಡಿಸಿದ ಕಾಗದ ಇತ್ತು.

"ದಾರಿ ತಪ್ಪಿ ಬಂದ್ಯಾ? ಕಾರ್ಲಿನ್ ಆ ಕಡೆ," ಎಂದಳು ಆರ್ಡಿತ್, ಪೊರಕೆ ಬಿಡದೆ.

"ಹಲಗೆ ಮೇಲೆ ಪಿಂಚಣಿಯವರಿಗೆ ಪುಕ್ಕಟೆ ಅಂತಿದೆ. ಬರ್ಲ್‌ನ ಬಿಟ್ಟು ಅಂತ ಬರೆದಿಲ್ಲ."

"ಜಾಗ ಸಾಲಲಿಲ್ಲ."

ಅವನು ನಗಲಿಲ್ಲ. ಕುರ್ಚಿಯನ್ನು ಒಮ್ಮೆ ನೋಡಿ, ಕೂರದೆ ಮಾತಾಡಿದ. "ಮೂರು ವರ್ಷದ ಹಿಂದೆ ಆ ಬೂಟಿನ ಹುಡುಗಿ ನನ್ ಬೇಲಿ ಹತ್ರ ಬಂದು, ಮೇಲೆ ಹಳೆ ಗಣಿಯ ವಿಷದ ನೀರಿನ ಕೊಳ ಸೋರ್ತಿದೆ, ಈ ವಾರ ಹಸುಗಳನ್ನ ಹೊಳೆಗೆ ಬಿಡ್ಬೇಡಿ ತಾತ ಅಂದ್ಲು. ಬಾಯಿಗೆ ಬಂದ ಹಾಗೆ ಬೈದು ಕಳಿಸ್ದೆ. ಆದ್ರೂ ಹಸು ಕಟ್ಟಿದ್ದೆ. ಕೆಳಗಿನವರು ಕಟ್ಟಲಿಲ್ಲ, ಅವರ ಕರುಗಳು ಸತ್ತವು. ಇದನ್ನ ನಾನು ಯಾರಿಗೂ ಹೇಳಿಲ್ಲ."

"ಮೂರು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀನು ಆ ಪ್ರಾಣಿಗೆ ನನ್ ಹೆಸರಿಟ್ಟಿದ್ದೆ. ಯಾವ ಬಾಯಿಟ್ಕೊಂಡು ಬರ್ಲಿ?"

ಆರ್ಡಿತ್ ಪೊರಕೆಯನ್ನು ಗೋಡೆಗೆ ಒರಗಿಸಿದಳು. ನಲವತ್ತು ವರ್ಷ ಕಾದಿಟ್ಟ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. "ಕೂತ್ಕೋ," ಎಂದಳು. ಅವನು ಕೂತ. ಕಾಗದ ನೋಡಿ ಲೆಕ್ಕ ತುಂಬಿದಳು. "ಹನ್ನೊಂದು ಡಾಲರು ವಾಪಸ್ ಬರುತ್ತೆ. ಒಂದು ಕೊಟ್ರೆ ಸಾಕು. ಅವರು ಎಣಿಸೋದು ತಲೆ, ದುಡ್ಡಲ್ಲ."

"ಹನ್ನೊಂದೂ ಹಾಕು. ಗುರುತು ನಾನೇ ಒತ್ತುತ್ತೀನಿ."

ಅವನ ದಪ್ಪ ಬೆರಳು ಎರಡು ಸಲ ಹದ್ದಿನ ಮೇಲೆ ಬಿದ್ದು, ಮೂರನೆಯ ಸಲ ಸರಿಯಾದ ಚೌಕಕ್ಕೆ ಬಂತು. ಪತ್ರ ಹೋಯಿತು. ಅವನು ಏಳಲು ಹೋದಾಗ ಆರ್ಡಿತ್ ಅವನ ಭುಜ ಒತ್ತಿ ಕೂರಿಸಿದಳು.

"ಕೂತಿರು. ಕಾರ್ಲಿನ್‌ನವನು ಯಾತ್ರಲ್ಲಿ ಕತ್ತರಿಸ್ತಾನೆ, ಕುಡುಗೋಲಲ್ಲೇನು?" ಎನ್ನುತ್ತ ಅವನ ಕುತ್ತಿಗೆಗೆ ಬಟ್ಟೆ ಕಟ್ಟಿದಳು.

ಮುಂದಿನ ಜನವರಿಯ ತನಕ ಏನೂ ತಿಳಿಯುವಂತಿರಲಿಲ್ಲ. ಆ ತಿಂಗಳು ಹೊಸ ತೆರಿಗೆ ಪತ್ರ ಹೊರಬೀಳುವ ದಿನ, ಹಾಬ್ಸ್ ಗ್ಯಾಪ್‌ನ ಅರ್ಧ ಊರು ಹಿಮ ತುಳಿದುಕೊಂಡು ಬಂದು ಆರ್ಡಿತ್‌ಳ ಅಂಗಡಿಯಲ್ಲಿ ನಿಂತಿತ್ತು. ತೆರಿಗೆ ಪತ್ರಕ್ಕೆ ಕಾದು ನಿಂತ ಊರು ಈ ಭೂಮಿಯ ಮೇಲೆ ಬೇರೆ ಇದ್ದರೆ ನನಗಂತೂ ಗೊತ್ತಿಲ್ಲ. ಬರ್ಲ್ ಕುರ್ಚಿಯಲ್ಲಿದ್ದ, ಅರ್ಧ ತಲೆ ಕತ್ತರಿಸಿ ಆಗಿತ್ತು.

ಆರ್ಡಿತ್ ಪುಟಗಳನ್ನು ಸರಿಸಿ ಕೊನೆಯದಕ್ಕೆ ಬಂದಳು. ಕಣ್ಣು ಅಭ್ಯಾಸದಂತೆ ತೀರ ಕೆಳಗಿನ ಸಾಲಿಗೆ ಹೋಯಿತು. ಶಾಲೆಮಕ್ಕಳ ಊಟ. ಅದರ ಕೆಳಗೆ ಖಾಲಿ ಬಿಳಿ. ಅವಳು ಲ್ಯಾಪ್‌ಟಾಪ್ ಮುಚ್ಚಲು ಕೈ ಎತ್ತಿದಳು. ಓಪಲ್ ತಲೆ ತಗ್ಗಿಸಿದಳು.

"ತಡಿ," ಎಂದ ಬರ್ಲ್, ಕನ್ನಡಕ ಮೂಗಿಗೇರಿಸುತ್ತ. "ಯಾಕೆ ತಳದಲ್ಲಿ ಹುಡುಕ್ತೀಯ? ಮೇಲೆ ನೋಡು."

ಅವಳು ಮೇಲೆ ನೋಡಿದಳು. ಶಾಲೆಮಕ್ಕಳ ಮೇಲೆ ಬೆಂಕಿ ಆರಿಸುವವರು. ಅವರ ಮೇಲೆ ಹದ್ದು. ಹದ್ದಿನ ನೆತ್ತಿಯ ಮೇಲೆ, ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ, ಹೆಲ್‌ಬೆಂಡರ್ ಮತ್ತು ಅದು ಬಾಳುವ ಹೊಳೆಗಳು.

ಅಂಗಡಿಯಲ್ಲಿ ಎದ್ದ ಗದ್ದಲಕ್ಕೆ ಬೀದಿನಾಯಿಗಳು ಬೊಗಳಿದವು. ಓಪಲ್ ಸಿಕ್ಕಿದವರನ್ನೆಲ್ಲ ತಬ್ಬಿಕೊಂಡಳು. ಗಾಳ ಕಳೆದುಕೊಂಡ ಮುದುಕ ಆ ಪ್ರಾಣಿಯನ್ನು ತಾನು ಮೊದಲಿನಿಂದಲೂ ಗೌರವಿಸುತ್ತಿದ್ದೆ ಎಂದು ಹೇಳತೊಡಗಿದ. ಆರ್ಡಿತ್ ಎಲ್ಲರೆದುರು ಅತ್ತಳು, ನಾಚಿಕೆಪಡಲಿಲ್ಲ.

"ಆ ಪುಟ ಒಂದು ಅಚ್ಚು ಹಾಕಿ ಕೊಡು," ಎಂದ ಬರ್ಲ್. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಅರ್ಧ ಕತ್ತರಿಸಿದ ತಲೆಗೆ ಟೋಪಿಯನ್ನೂ ಇಡದೆ, ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚದೆ ಹೊರಟ. ದಾರಿಯಲ್ಲಿ ತನ್ನ ಗಾಡಿಯಿಂದ ಸುತ್ತಿಗೆ ತೆಗೆದುಕೊಂಡ. ಊರು ಅವನ ಹಿಂದೆ ನಡೆಯಿತು.

ಹೊಳೆಯ ದಂಡೆಯ ಸಿಕಮೋರ್ ಮರದಲ್ಲಿ ಹಳೆಯ ಮೊಳೆಯ ಗಾಯ ಇನ್ನೂ ಇತ್ತು. ಬರ್ಲ್ ಆ ತೆರಿಗೆ ಪುಟವನ್ನು ಸರಿಯಾಗಿ ಅದೇ ಜಾಗಕ್ಕೆ ಹಿಡಿದು, ನಾಲ್ಕು ಮೂಲೆಗೂ ಮೊಳೆ ಹೊಡೆದ. ಆಮೇಲೆ ಚಪ್ಪಟೆ ಬಂಡೆಯ ಕಡೆ ತಿರುಗಿ, ಸುತ್ತಿಗೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಚರ್ಚಿನಲ್ಲಿ ಹಿರಿಯರಿಗೆ ತಲೆಬಾಗುವ ಹಾಗೆ ತಲೆಬಾಗಿದ.

"ಹೆಸರು ಬದಲಾಯಿಸ್ಲಾ ಅದಕ್ಕೆ?" ಎಂದು ಆರ್ಡಿತ್ ಮೆಲ್ಲಗೆ ಕೇಳಿದಳು.

"ಬೇಡ," ಎಂದ ಬರ್ಲ್. "ಈಗ ಅದು ಹದ್ದಿಗಿಂತ ಮೇಲಿದೆ. ನನ್ ಹೆಸರೇ ಇರ್ಲಿ."