ಎಲ್ಲರೂ ಇದ್ದರು

ತಾಯಿಯ ತಲೆ ಬಾಚುತ್ತಿದ್ದ ಮಗಳ ಹೆಗಲಿನಿಂದ ಚಿಕ್ಕಮ್ಮ ಮಗುವನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಹೇಳಬೇಕಾದ ಮಾತು ಹೇಳಲಿಲ್ಲ.

"ಎರಡೂ ಕೈಯಲ್ಲಿ ಬಾಚು," ಎಂದಳು. "ಒಂದೇ ಕೈಯಲ್ಲಿ ಸಿಕ್ಕು ಬಿಡಿಸೋಕಾಗಲ್ಲ. ನಮ್ಮಕ್ಕನಿಗೆ ಕೂದಲು ಎಳೆದ್ರೆ ಮೊದಲೇ ಸಿಟ್ಟು."

ಮಗಳ ಬಾಚಣಿಗೆ ಒಂದು ಕ್ಷಣ ನಿಂತಿತು. ಮೊನ್ನೆ ಬೆಳಿಗ್ಗೆಯವರೆಗೆ ಈ ಮನೆಯಲ್ಲಿ ಯಾರಾದರೂ ಹೀಗೆ ಮಾತಿಲ್ಲದೆ ಮಗುವನ್ನು ಎತ್ತಿಕೊಂಡಿದ್ದರೆ, ಈಗ ಕಣ್ಣು ಮುಚ್ಚಿ ಮಲಗಿರುವವಳು ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಕೊಡುವವರು 'ಕೊಟ್ಟೆ' ಅನ್ನಬೇಕು. ತೆಗೆದುಕೊಳ್ಳುವವರು 'ತಗೊಂಡೆ' ಅನ್ನಬೇಕು. ಬಾಯಿಬಿಟ್ಟು, ಕೇಳಿಸುವ ಹಾಗೆ. ಆಮೇಲೆ ಮಗುವನ್ನು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಇದೇನು ಕುರಿ ವ್ಯಾಪಾರವೇ ಎಂದು ಮನೆಮಂದಿಯೆಲ್ಲ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ಹಾಗೆಯೇ ಅನ್ನುತ್ತಿದ್ದರು. ಅನ್ನದಿದ್ದರೆ ಮಗು ಕೈಗೆ ಸಿಗುತ್ತಿರಲಿಲ್ಲ.

ಇವತ್ತು ಅಡ್ಡ ನಿಲ್ಲುವವರಿರಲಿಲ್ಲ. ಮಗಳು ಬಾಚಣಿಗೆಯನ್ನು ಮತ್ತೆ ಕೂದಲಿಗಿಳಿಸಿದಳು. ಅಮ್ಮನ ಹಣೆ ಬೆಳಗಿನ ನಲ್ಲಿಯಂತೆ ತಣ್ಣಗಿತ್ತು.

ಹೊರಗೆ ಜನ ಸೇರತೊಡಗಿದ್ದರು. ಹಲ್ಲು ಕಟಕಟ ಅನ್ನುವ ಚಳಿ, ಜಿಟಿಜಿಟಿ ಮಳೆ ಬೇರೆ. ಬಂದವರು ಒಬ್ಬೊಬ್ಬರೇ ಹಿಂದಿನ ಕೋಣೆಯ ಬಾಗಿಲು ತಳ್ಳಿ, ಕೋಟನ್ನೋ ಶಾಲನ್ನೋ ಮಂಚದ ಮೇಲೆ ಎಸೆದು, ಮುಖ ಗಂಭೀರ ಮಾಡಿಕೊಂಡು ಮುಂದಿನ ಕೋಣೆಗೆ ಬರುತ್ತಿದ್ದರು.

*

ಸತ್ತವಳು ದೊಡ್ಡ ಮನುಷ್ಯಳೇನಲ್ಲ. ಆಸ್ಪತ್ರೆಯ ನರ್ಸು, ಅದರಲ್ಲೂ ಯಾರಿಗೂ ಬೇಡವಾದ ಕೆಲಸದ ನರ್ಸು. ಮಗು ತೀರಿಕೊಂಡ ಮನೆಗೆ ಒಂದೂವರೆ ತಿಂಗಳು ಬಿಟ್ಟು ಹೋಗಬೇಕು, ಇಪ್ಪತ್ತಾರು ಪ್ರಶ್ನೆ ಕೇಳಬೇಕು, ಉತ್ತರ ಬರೆದು ತಂದು ಸಮಿತಿಯ ಮುಂದಿಡಬೇಕು. ಈ ಮಗು ಯಾಕೆ ಹೋಯಿತು, ಇನ್ನೊಂದು ಹೀಗೆ ಹೋಗದಂತೆ ಏನು ಮಾಡಬಹುದು ಎಂದು ಸಮಿತಿಯವರು ತಿಂಗಳಿಗೊಮ್ಮೆ ಕೂತು ಓದುತ್ತಿದ್ದರು. ಬೀದಿಯ ಜನ ಅವಳಿಗೆ 'ಪ್ರಶ್ನೆಯಮ್ಮ' ಎಂದು ಹೆಸರಿಟ್ಟಿದ್ದರು. ಅವಳ ಕಂದು ಚೀಲ ಕಂಡರೆ ಬಸುರಿಯರು ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

ಅವಳು ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದಳು. ತಾಯಂದಿರು ಒಂದು ಹೇಳಿ, ಅತ್ತು, ಆಮೇಲೆ ಇನ್ನೊಂದು ಹೇಳುತ್ತಾರೆ, ಅಳಿಸಲು ಬರಬೇಕು ಅನ್ನುವಳು. ಪ್ರಶ್ನೆ ಮುಗಿದ ಮೇಲೆ ತಾನಾಗಿಯೇ ಒಂದು ಲೋಟ ನೀರು ಕೇಳುವಳು. ಬಾಯಾರಿಕೆಗಲ್ಲ, ಆ ತಾಯಿಗೆ ಎದ್ದು ಒಳಗೆ ಹೋಗಲು ಒಂದು ನೆಪ ಸಿಗಲಿ ಎಂದು.

ಒಂದು ಸಭೆಯಲ್ಲಿ, ಬಹಳ ವರ್ಷದ ಹಿಂದೆ, ದೊಡ್ಡ ಡಾಕ್ಟರು ಒಂದು ಫೈಲು ಓದಿ ಮುಗಿಸುವುದರಲ್ಲಿದ್ದರು. ಹದಿನಾಲ್ಕನೇ ಪ್ರಶ್ನೆ: ಆ ಹೊತ್ತಿನಲ್ಲಿ ಮಗುವಿನ ಬಳಿ ಯಾರಿದ್ದರು? ಉತ್ತರ: ಎಲ್ಲರೂ ಇದ್ದರು.

"ಆರೈಕೆಗೆ ಕೊರತೆ ಇಲ್ಲ," ಎಂದು ಡಾಕ್ಟರು ಗುರುತು ಹಾಕಿದರು.

"ಯಾರೂ ಇರಲಿಲ್ಲ ಸರ್," ಎಂದಳು ಪ್ರಶ್ನೆಯಮ್ಮ.

"ನೀವೇ ಬರ್ಕೊಂಡು ಬಂದಿದೀರಲ್ರೀ, ಎಲ್ಲರೂ ಇದ್ದರು ಅಂತ."

"ಅದಕ್ಕೇ ಹೇಳ್ತಿರೋದು. ಅಜ್ಜಿ ಇದ್ರೆ ಅಜ್ಜಿ ಇದ್ರು ಅಂತಾರೆ. ಅಕ್ಕ ಇದ್ರೆ ಅಕ್ಕ ಅಂತಾರೆ. ಎಲ್ಲರೂ ಇದ್ರು ಅಂತ ಯಾವಾಗ ಅಂತಾರೆ ಗೊತ್ತಾ? ಯಾರೂ ಇಲ್ಲದಾಗ."

ಕಂದು ಚೀಲದಿಂದ ಇನ್ನೂ ಎಂಟು ಫೈಲು ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ವರ್ಷದವು. ಮದುವೆ ಮನೆ, ಸಾವಿನ ಮನೆ, ಹುಟ್ಟುಹಬ್ಬದ ಊಟ. ಎಲ್ಲದರಲ್ಲೂ ಹದಿನಾಲ್ಕನೇ ಸಾಲು ಅದೇ. ಹತ್ತು ಮಂದಿ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಆ ಒಂಬತ್ತು ಮನೆಗಳಲ್ಲಿ ಹಾವೂ ಇರಲಿಲ್ಲ. ಒಂದು ದಿಂಬು, ಒಂದು ಬಕೆಟ್ ನೀರು, ಅಷ್ಟೇ ಇದ್ದದ್ದು.

*

"ಒಂದು ಸಾಲು ಬದಲಾಯಿಸೋಕೆ ಮೂರು ವರ್ಷ ನನ್ನ ಜೊತೆ ಜಗಳ ಆಡಿದ್ರು ನಿಮ್ಮಮ್ಮ," ಎಂದರು ದೊಡ್ಡ ಡಾಕ್ಟರು. ಈಗ ಅವರಿಗೂ ವಯಸ್ಸಾಗಿತ್ತು, ಕುರ್ಚಿಯಿಂದ ಏಳದೆಯೇ ಮಾತಾಡುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಮಗು ಯಾರ ಕೈಯಲ್ಲಿತ್ತು, ನನ್ನ ಕೈಯಲ್ಲಿದೆ ಅಂತ ಅವರು ಬಾಯಿಬಿಟ್ಟು ಹೇಳಿದ್ರಾ, ಇದು ಅವರು ಬರೆಸಿದ ಪ್ರಶ್ನೆ. ಬಾಣಂತಿಯರಿಗೆಲ್ಲ ಆ ಕೊಟ್ಟೆ-ತಗೊಂಡೆ ಹೇಳ್ಕೊಡೋಕೆ ಶುರು ಮಾಡಿದ್ದೂ ಅವರೇ. ಆಮೇಲೆ ಆ ಥರದ ಫೈಲು ಬರೋದು ಕಡಿಮೆ ಆಯ್ತು."

"ಎಷ್ಟು ಮಕ್ಕಳು ಉಳಿದಿರಬಹುದು ಡಾಕ್ಟ್ರೇ?" ಎಂದು ಮಗಳು ಕೇಳಿದಳು.

"ಅದನ್ನ ಹೇಗಮ್ಮಾ ಹೇಳೋದು. ಬಾರದ ಫೈಲನ್ನ ಯಾರು ಎಣಿಸ್ತಾರೆ." ಅವರು ಕನ್ನಡಕ ಒರೆಸಿಕೊಂಡರು. "ನಿಮ್ಮ ಮಗು ಎಲ್ಲಿ? ನಾನಿನ್ನೂ ನೋಡೇ ಇಲ್ಲ."

"ಇಲ್ಲೇ ಇದೆ," ಎಂದಳು ಮಗಳು.

ಹೇಳಿದ ಮೇಲೆ ತಿರುಗಿ ನೋಡಿದಳು. ಗುಂಪಿನ ನಡುವೆ ಚಿಕ್ಕಮ್ಮ ಬರುತ್ತಿದ್ದಳು. ಚಿಕ್ಕಮ್ಮನ ಎರಡೂ ಕೈಯಲ್ಲಿ ಟೀ ಲೋಟಗಳ ತಟ್ಟೆ ಇತ್ತು.

ಮಗಳು ಜನರನ್ನು ಸರಿಸಿಕೊಂಡು ಅವಳ ಕಡೆಗೆ ಹೊರಟಳು.

*

ಮೂರು ವಾರದ ಹಿಂದೆ ಇದೇ ಕೋಣೆಯಲ್ಲಿ ಅವಳು ಅಮ್ಮನ ಮೇಲೆ ರೇಗಿದ್ದಳು. ಗಂಡನ ಗೆಳೆಯರು ಮಗು ನೋಡಲು ಬಂದಿದ್ದರು. ಅಮ್ಮ ಅವರೆಲ್ಲರ ಬಾಯಿಂದಲೂ 'ತಗೊಂಡೆ' ಅನ್ನಿಸಿದ್ದಳು. ಅವರು ಹೋದ ಮೇಲೆ ಮಗಳಿಗೆ ತಡೆಯಲಾಗಲಿಲ್ಲ.

"ಸಾಕು ನಿಲ್ಲಿಸಮ್ಮಾ. ಇದು ನಿನ್ನ ಫೈಲಲ್ಲ, ನನ್ನ ಮಗು."

ಅಮ್ಮ ಮಗುವಿನ ಬಟ್ಟೆ ಮಡಿಸುತ್ತಿದ್ದಳು. "ಫೈಲಲ್ಲಿರೋದೂ ಯಾರದೋ ಮಗುನೇ ಕಣೆ."

"ನಿಂಗೆ ಇಡೀ ಲೋಕಾನೇ ಸಾವಿನ ಮನೆ ಥರ ಕಾಣ್ಸತ್ತೆ."

"ಕಾಣ್ಸತ್ತೆ, ಏನ್ಮಾಡ್ಲಿ." ಅಮ್ಮ ಒಂದು ಸಣ್ಣ ಕಾಲುಚೀಲದ ಜೋಡಿ ಹುಡುಕುತ್ತಲೇ ಹೇಳಿದಳು. "ನಿನ್ನ ಎತ್ಕೊಂಡಾಗಲೂ ಕಾಣಿಸ್ತಿತ್ತು. ಹೆದರ್ಕೊಂಡೇ ಸಾಕಿದೀನಿ ನಿನ್ನ. ಒಂದು ದಿನಾನೂ ಹೆದರದೆ ಮುದ್ದಾಡಿಲ್ಲ."

ಮಗಳು ಫೋನು ಕೈಗೆತ್ತಿಕೊಂಡಳು. ಏನಾದರೂ ಅನ್ನಬೇಕಿತ್ತು. ಅಂದಿನಿಂದ ಅಮ್ಮ ಯಾರ ಬಾಯಿಂದಲೂ 'ತಗೊಂಡೆ' ಅನ್ನಿಸಲಿಲ್ಲ. ಅನ್ನದೆ ಎತ್ತಿಕೊಂಡವರ ಎದುರಿಗೆ ಮಾತ್ರ ಅಭ್ಯಾಸಬಲದಿಂದ ಬಂದು ನಿಲ್ಲುತ್ತಿದ್ದಳು, ಅವರೇ ನೆನಪಾಗಿ ಅನ್ನುವವರೆಗೆ. ತಾನು ಎತ್ತಿಕೊಳ್ಳುವಾಗ 'ತಗೊಂಡೆ' ಎಂದು ಪಿಸುಗುಡುತ್ತಿದ್ದಳು, ಮಗಳಿಗೆ ಕೇಳಿಸದ ಹಾಗೆ, ಮಗುವಿನ ಕಿವಿಗೆ ಮಾತ್ರ.

*

"ಚಿಕ್ಕಮ್ಮಾ, ಮಗು?"

"ಟೈಲರಮ್ಮನ ಹತ್ರ ಇದೆಯಲ್ಲೇ."

"ಅವರ ಕೈಗೆ ಕೊಟ್ಯಾ?"

"ಕೊಟ್ಟೆ ಕಣೆ. ಅದೇನು ಪೊಲೀಸರ ಥರ ಕೇಳ್ತೀಯಾ. ಇಷ್ಟು ಜನ ಇದೀವಿ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗೆ ಆಡ್ಬೇಡ."

ಟೈಲರಮ್ಮ ಪಕ್ಕದ ಮನೆಯವಳು, ಮಗುವಿನ ಅಂಗಿಗಳನ್ನೆಲ್ಲ ಹೊಲಿದು ಕೊಟ್ಟವಳು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಅವಳ ಕೈಯಲ್ಲೂ ಮಗು ಇರಲಿಲ್ಲ, ಮೊಣಕೈವರೆಗೆ ನೊರೆ.

"ನಿಮ್ಮ ಯಜಮಾನ್ರು ಇಸ್ಕೊಂಡ್ರಲ್ಲ," ಎಂದಳು. "ಆಗಲೇ. ನಿದ್ದೆ ಬಂದಿತ್ತು ಪಾಪ, ಕತ್ತು ನಿಲ್ತಿರ್ಲಿಲ್ಲ."

ಕತ್ತು ನಿಲ್ಲುತ್ತಿರಲಿಲ್ಲ. ಮಗುವಿಗೆ ಇನ್ನೂ ಹನ್ನೊಂದು ವಾರ. ಕವುಚಿ ಬಿದ್ದರೆ ತಾನಾಗಿ ಮುಖ ತಿರುಗಿಸಲು ಬಾರದು. ಮೂಗಿನ ಮೇಲೆ ಬಟ್ಟೆ ಬಿದ್ದರೆ ತೆಗೆಯಲು ಬಾರದು. ಇದನ್ನೆಲ್ಲ ಅಮ್ಮ ಎಷ್ಟು ಸಲ ಹೇಳಿದ್ದಳೋ, ಮಗಳು ಎಷ್ಟು ಸಲ ಹೂಂಗುಟ್ಟಿ ಫೋನು ನೋಡಿದ್ದಳೋ. ಈಗ ಒಂದೊಂದು ಮಾತೂ ಸಾಲುಗಟ್ಟಿ ಬರುತ್ತಿತ್ತು.

ಗಂಡ ಗೇಟಿನ ಬಳಿ ಶವದ ವ್ಯಾನಿನ ಡ್ರೈವರನಿಗೆ ಹಿಂದೆ ಬರಲು ಕೈ ಮಾಡುತ್ತಿದ್ದ. ಅವಳು ಅವನ ತೋಳು ಹಿಡಿದಳು. ಕೂಗಬೇಕೆಂದುಕೊಂಡಿದ್ದಳು. ಗಂಟಲಿನಿಂದ ಬಂದದ್ದು ಅಮ್ಮನ ದನಿ, ಮೆಲ್ಲನೆಯ, ತಪ್ಪು ಹೊರಿಸದ, ಆದರೆ ಬಿಡದ ದನಿ.

"ನಿಮ್ಮ ಕೈಯಿಂದ ಯಾರ ಕೈಗೆ ಹೋಯ್ತು?"

"ಏನು?"

"ಮಗು."

"ಮಲಗಿತ್ತು ಕಣೆ. ವ್ಯಾನ್ ಹೊರಟಿದೆ ಅಂತ ಫೋನ್ ಬಂತು. ಹಿಂದಿನ ರೂಮಲ್ಲಿ ಮಂಚದ ಮೇಲೆ ಮಲಗಿಸಿ, ಎರಡು ಕಡೆ ದಿಂಬಿಟ್ಟು, ದೊಡ್ಡಪ್ಪಂಗೆ ನೋಡ್ಕೊಳ್ಳಿ ಅಂತ ಹೇಳಿ ಬಂದೆ."

ಅವಳ ದೊಡ್ಡಪ್ಪ ಅಲ್ಲೇ ಗೇಟಿಗೆ ಒರಗಿ ಕೋಲು ಹಿಡಿದು ನಿಂತಿದ್ದರು. ಕಿವಿ ಸ್ವಲ್ಪ ಮಂದ.

"ನೋಡ್ಕೊಳ್ಳಿ ಅಂದ್ನಲ್ಲಮ್ಮಾ," ಎಂದರು. "ವ್ಯಾನ್ ಬರತ್ತೆ ನೋಡ್ಕೊಳ್ಳಿ ಅಂದ. ನೋಡ್ತಾನೇ ಇದೀನಿ."

'ನೋಡ್ಕೊಳ್ಳಿ' ಅನ್ನುವ ಮಾತು ಕೇಳಿದರೆ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ನೋಡ್ಕೊಳ್ಳಿ ಅಂದ್ರೆ ಗಾಳಿ ಕೈಗೆ ಕೊಟ್ಟ ಹಾಗೆ ಅನ್ನುತ್ತಿದ್ದಳು.

"ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ," ಎಂದ ಗಂಡ. ಅಂದು ಮುಗಿಸುವಷ್ಟರಲ್ಲಿ ಅವನು ಮನೆಯ ಕಡೆಗೆ ತಿರುಗಿದ. ಹಿಂದಿನ ಕೋಣೆಯಲ್ಲಿ ಜನ ಏನು ಮಾಡುತ್ತಿದ್ದಾರೆಂದು ಅವನಿಗೂ ಆಗ ಹೊಳೆಯಿತು.

ಅವಳು ಓಡಿದಳು. ಮುಂದಿನ ಕೋಣೆಯ ಜನ ದಾರಿ ಬಿಡದೆ, ಸಮಾಧಾನ ಹೇಳಲು ಅವಳ ಕೈ ಹಿಡಿಯುತ್ತಿದ್ದರು. "ಧೈರ್ಯ ತಗೋಮ್ಮಾ, ನಾವೆಲ್ಲ ಇದೀವಿ," ಎಂದರು ಯಾರೋ. ಅವಳು ಆ ಕೈಯನ್ನು ಕೊಡವಿ ಮುಂದೆ ನುಗ್ಗಿದಳು. ಅಮ್ಮನ ಮಂಚದ ಅಂಚು ಮೊಣಕಾಲಿಗೆ ಬಡಿಯಿತು. ಅಮ್ಮ ಅಲುಗಾಡಿದಳು, ಅಷ್ಟೆ.

ಹಿಂದಿನ ಕೋಣೆಯ ಬಾಗಿಲು ತೆರೆದರೆ ಮಂಚ ಕಾಣಲಿಲ್ಲ. ಕೋಟುಗಳ ರಾಶಿ ಸೊಂಟದೆತ್ತರಕ್ಕೆ ಬೆಳೆದಿತ್ತು. ಕಪ್ಪು ಕೋಟು, ಒದ್ದೆ ಕೋಟು, ಮಡಿಸಿದ ಶಾಲುಗಳು, ಯಾರದೋ ದಪ್ಪ ಚರ್ಮದ ಚೀಲ ಎಲ್ಲದರ ಮೇಲೆ ಕೂತಿತ್ತು. ಸದ್ದಿಲ್ಲ. ಆ ರಾಶಿಯೊಳಗಿಂದ ಒಂದು ಸಣ್ಣ ಸದ್ದೂ ಇಲ್ಲ.

ಅವಳು ಎರಡೂ ಕೈಯಿಂದ ಕಿತ್ತು ಕಿತ್ತು ಹಿಂದಕ್ಕೆ ಎಸೆದಳು. ಕೋಟುಗಳು ಕಲ್ಲಿನಷ್ಟು ಭಾರವಿದ್ದವು. ಎಷ್ಟು ತೆಗೆದರೂ ಕೆಳಗೆ ಇನ್ನೊಂದಿತ್ತು. ಕೈಗೆ ಒಂದು ದಿಂಬು ಸಿಕ್ಕಿತು, ಅಪ್ಪಚ್ಚಿಯಾಗಿತ್ತು. ಎರಡನೇ ದಿಂಬು ಸಿಕ್ಕಿತು. ಎರಡರ ನಡುವೆ ಒಂದು ಕಾಲುಚೀಲ, ಅಮ್ಮ ಜೋಡಿ ಹುಡುಕಿಟ್ಟದ್ದು. ಹಾಸಿಗೆಯ ಆ ಜಾಗ ತಣ್ಣಗಿತ್ತು. ಮಗು ಇರಲಿಲ್ಲ.

"ಇಲ್ಲಿದೆ," ಎಂದಿತು ಒಂದು ದನಿ.

ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ನೆಲದ ಮೇಲೆ, ಬೂದು ಶಾಲು ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ಐವತ್ತರ ಆಸುಪಾಸು. ಮಗಳು ಅವಳನ್ನು ಎಂದೂ ನೋಡಿದವಳಲ್ಲ. ಶಾಲಿನೊಳಗೆ ಮಗು ಬಾಯಿ ಅರೆತೆರೆದು ಮಲಗಿತ್ತು. ಅದರ ಹೊಟ್ಟೆ ಮೇಲೆ ಹೋಗಿ ಕೆಳಗೆ ಬಂತು. ಮತ್ತೆ ಮೇಲೆ ಹೋಗಿ ಕೆಳಗೆ ಬಂತು. ಮಗಳು ಕೈಯಲ್ಲಿದ್ದ ದಿಂಬನ್ನು ಕೆಳಗಿಟ್ಟಳು.

"ನೀವೇನಾ ತಾಯಿ?" ಎಂದಳು ಹೆಂಗಸು.

ಮಗಳು ತಲೆಯಾಡಿಸಿದಳು.

"ಶಾಲು ಇಡೋಕೆ ಬಂದೆ. ಆಗಲೇ ಎರಡು ಕೋಟು ಬಿದ್ದಿದ್ವು. ಒಂದು ಕಾಲಿನ ಮೇಲೆ. ಇನ್ನೊಂದು..." ಹೆಂಗಸು ಅದನ್ನು ಹೇಳಿ ಮುಗಿಸಲಿಲ್ಲ. "ಎತ್ಕೊಂಡೆ. ಹೊರಗೆ ತಂದ್ರೆ ಯಾರಾದ್ರೂ ಕೈಯಿಂದ ಇಸ್ಕೊಂಡುಬಿಡ್ತಾರೆ ಅಂತ ಹೆದರಿಕೆ ಆಯ್ತು. ತಾಯಿನೇ ಬರ್ಲಿ ಅಂತ ಇಲ್ಲೇ ಕೂತೆ. ಎಷ್ಟೋ ಜನ ಬಂದು ಕೋಟು ಎಸೆದು ಹೋದ್ರು. ಒಬ್ರೂ ಈ ಕಡೆ ನೋಡ್ಲಿಲ್ಲ."

"ನಮ್ಮಮ್ಮ ನಿಮಗೆ..."

"ನಮ್ಮ ಮನೆಗೆ ಬಂದಿದ್ರು, ಇಪ್ಪತ್ತೆರಡು ವರ್ಷ ಆಯ್ತು. ಅದಕ್ಕೆ ಒಂದೂವರೆ ತಿಂಗಳು ಮುಂಚೆ ನಮ್ಮನೇಲಿ ನಾದಿನಿ ಮದುವೆ." ಹೆಂಗಸು ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಎಲ್ಲರೂ ಇದ್ರು."

ಮಗಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಆಮೇಲೆ ಎಲ್ಲರೂ ನನ್ನನ್ನೇ ಕೇಳಿದ್ರು, ತಾಯಾಗಿ ನೀನೆಲ್ಲಿದ್ದೆ ಅಂತ. ನಿಮ್ಮಮ್ಮ ಒಬ್ರೇ ಹಾಗೆ ಕೇಳ್ಲಿಲ್ಲ. ಹನ್ನೊಂದು ಜನಾನ ಒಬ್ಬೊಬ್ಬರನ್ನಾಗಿ ಕೂರಿಸ್ಕೊಂಡು ಕೇಳಿದ್ರು, ನಿಮ್ಮ ಕೈಯಿಂದ ಯಾರ ಕೈಗೆ ಹೋಯ್ತು ಅಂತ. ನಾಲ್ಕನೆಯವರಿಗೆ ಉತ್ತರ ಗೊತ್ತಿರ್ಲಿಲ್ಲ. ಆಮೇಲೆ ನನ್ನ ಹತ್ರ ಬಂದು ಒಂದು ಲೋಟ ನೀರು ಕೇಳಿದ್ರು."

ಬಾಗಿಲಲ್ಲಿ ಗಂಡ ಬಂದು ನಿಂತಿದ್ದ. ಅವನ ಹಿಂದೆ ಚಿಕ್ಕಮ್ಮ, ತಟ್ಟೆ ಇನ್ನೂ ಕೈಯಲ್ಲೇ ಇತ್ತು.

ಹೆಂಗಸು ಗೋಡೆ ಹಿಡಿಯದೆ, ಮಗುವನ್ನು ಅಲುಗಿಸದೆ, ಮೆಲ್ಲನೆ ಎದ್ದಳು. ಎದ್ದು ಮಗುವನ್ನು ಮುಂದೆ ಚಾಚಿದಳು. "ಕೊಟ್ಟೆ," ಎಂದಳು.

ಮಗಳು ಮಗುವಿನ ಕತ್ತಿನ ಕೆಳಗೆ ಒಂದು ಕೈ, ಬೆನ್ನಿನ ಕೆಳಗೆ ಒಂದು ಕೈ ಹಾಕಿ ತನ್ನ ಕಡೆಗೆ ಎಳೆದುಕೊಂಡಳು. ಮಗು ಬರಲಿಲ್ಲ. ಹೆಂಗಸಿನ ಕೈ ಸಡಿಲಾಗಿರಲಿಲ್ಲ. ಮಗುವಿನ ಕೆಳಗೆ ನಾಲ್ಕು ಕೈಗಳು ಹಾಗೆಯೇ ನಿಂತವು.

ಮುಂದಿನ ಕೋಣೆಯಿಂದ ವ್ಯಾನಿನ ಡ್ರೈವರ್ ಕೇಳುತ್ತಿದ್ದ. "ಎತ್ತೋಣವಾ? ಎಲ್ಲರೂ ಇದ್ದಾರಾ?"

"ತಗೊಂಡೆ," ಎಂದಳು ಮಗಳು. ಮುಂದಿನ ಕೋಣೆಯವರೆಗೆ ಕೇಳಿಸುವ ಹಾಗೆ ಇನ್ನೊಮ್ಮೆ ಹೇಳಿದಳು. "ತಗೊಂಡೆ."

ಹೆಂಗಸಿನ ಬೆರಳುಗಳು ಒಂದೊಂದಾಗಿ ಬಿಟ್ಟವು. ಮಗುವಿನ ಭಾರವೆಲ್ಲ ಮಗಳ ಕೈಗೆ ಬಂತು. ಮಗು ಹೋದ ಮೇಲೂ ಆ ಎರಡು ಕೈಗಳು, ಒಂದು ಕತ್ತಿನ ಜಾಗದಲ್ಲಿ, ಒಂದು ಬೆನ್ನಿನ ಜಾಗದಲ್ಲಿ, ಬಹಳ ಹೊತ್ತು ಹಾಗೆಯೇ ಚಾಚಿಕೊಂಡಿದ್ದವು.