ಎಡಗಾಲು ಮನೆಯಲ್ಲಿಟ್ಟವರು

ನಾನು ಒಂದು ಗೇರ್ ರಾಡ್. ನನ್ನ ಒಡಲು ಪರದೇಶದ ಉಕ್ಕು. ತಲೆ ಮಾತ್ರ ಮಂಗಳೂರಿನ ಬಂದರಿನದು. ಎರಡು ಬಾಗಿಲಿನ ಕೆಂಪು ಓಟದ ಕಾರೊಂದರ ನಡುವೆ ನಾನು ನಿಂತಿದ್ದೆ. ಹುಟ್ಟಿನಿಂದ ನನ್ನ ತಲೆಯಾಗಿದ್ದ ಪ್ಲಾಸ್ಟಿಕ್ ಗುಂಡು ಘಾಟಿಯ ಸ್ಪರ್ಧೆಯೊಂದರಲ್ಲಿ ಒಡೆದುಹೋದಾಗ, ಬಂದರಿನ ಗ್ಯಾರೇಜಿನ ಮೆಕ್ಯಾನಿಕ್ ಇದಿನಬ್ಬ ಬೀಟೆಮರದ ತುಂಡೊಂದನ್ನು ಕಡೆದು, ಎಣ್ಣೆ ತಿಕ್ಕಿ, ನನ್ನ ನೆತ್ತಿಗೆ ತಿರುಪಿದ.

"ನಿಮ್ಮ ಎಡಗೈಯ ಅಳತೆಗೇ ಮಾಡಿದ್ದು ಆಳ್ವರೇ. ಬೇರೆಯವರು ಹಿಡಿದರೆ ಕಚ್ಚೀತು!"

ಅವನು ಒಂದರಿಂದ ನಾಲ್ಕರವರೆಗೆ ಅಂಕೆಗಳನ್ನು ಕೆತ್ತಿ, ಹಿಂದಕ್ಕೆ ಹೋಗುವ ಗೇರಿನ ಗುರುತಿಗೆ ಉಳಿ ಹಚ್ಚುವಷ್ಟರಲ್ಲಿ ನನ್ನ ಯಜಮಾನರಾದ ಜಯಕರ ಆಳ್ವರು ತಡೆದರು. "ಅದು ಬೇಡ ಮಾರಾಯಾ. ಆಳ್ವ ಹಿಂದೆ ಹೋಗುವ ಜನ ಅಲ್ಲ."

ಅವರ ಎಡಗಾಲು ಕ್ಲಚ್ಚನ್ನು ತುಳಿಯುವುದಕ್ಕೂ ಎಡಗೈ ನನ್ನನ್ನು ತಳ್ಳುವುದಕ್ಕೂ ನಡುವೆ ಕೂದಲೆಳೆಯ ಅಂತರವಿರುತ್ತಿರಲಿಲ್ಲ. ಘಾಟಿಯ ತಿರುವುಗಳಲ್ಲಿ ನಾವಿಬ್ಬರೂ ಒಂದೇ ಉಸಿರಾಗುತ್ತಿದ್ದೆವು. ತಾನಾಗಿಯೇ ಗೇರು ಬದಲಿಸಿಕೊಳ್ಳುವ, ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರುಗಳನ್ನು ಕಂಡರೆ ಅವರಿಗಾಗದು. ಅಂಥ ಕಾರಿನಿಂದ ಯಾರೇ ಇಳಿಯಲಿ, ನಾಲ್ಕು ಜನರ ಮುಂದೆ ಕೇಳುವರು: "ಎಂತ ಮಾರಾಯಾ, ಎಡಗಾಲು ಮನೆಯಲ್ಲಿಟ್ಟು ಬಂದದ್ದಾ?" ನೆರೆದವರು ನಗುವರು. ಆ ನಗು ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ?

ಒಮ್ಮೆ ಅವರ ಮಡದಿ ವಾರಿಜ ನನ್ನನ್ನು ಹಿಡಿದು ಕಲಿಯಹೊರಟರು. ಪಣಂಬೂರಿನ ಕಡಲಬದಿಯ ರಸ್ತೆಯಲ್ಲಿ, ಎರಡರಿಂದ ಮೂರಕ್ಕೆ ಹೋಗುವಾಗ ಗೇರ್ ಪೆಟ್ಟಿಗೆಯೊಳಗಿನ ಹಲ್ಲುಗಳು ಕರ್ರೆಂದವು.

"ಇಳಿ," ಎಂದರು ಆಳ್ವರು. "ಇದು ನಿನ್ನಪ್ಪನ ಗಾಡಿ ಅಲ್ಲ."

ವಾರಿಜ ಇಳಿದರು. ಸೆರಗು ಬಿಗಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದರು. ಮರುವರ್ಷ ತಮ್ಮ ಬ್ಯಾಂಕಿನ ಸಂಬಳದಲ್ಲಿ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡು ಅಂಗಳಕ್ಕೆ ತಂದರು. ನೆಂಟರೆಲ್ಲ ನೋಡುತ್ತಿದ್ದಂತೆ ಆಳ್ವರು ಅದೇ ಪ್ರಶ್ನೆಯನ್ನು ಹೆಂಡತಿಗೂ ಕೇಳಿದರು. ವಾರಿಜ ಕಾರಿಗೆ ಬೀಗ ಹಾಕಿ ಒಳಗೆ ಹೋದರು.

ಎಷ್ಟೋ ಘಾಟಿಗಳನ್ನು ಗೆದ್ದ ಆ ಎಡಗಾಲನ್ನು ಸೋಲಿಸಿದ್ದು ಯಾವ ಕಣಿವೆಯೂ ಅಲ್ಲ, ಒಂದು ಬಾಳೆಯೆಲೆ. ಮದುವೆಯೂಟ ಮುಗಿಸಿ ಕೈತೊಳೆಯಲು ಹೊರಟವರು ಜಾರಿ ಬಿದ್ದರು, ಮಂಡಿ ಚೂರಾಯಿತು. ವೈದ್ಯರು ಕೂಡಿಸಿದರೇನೋ ನಿಜ, ಆದರೆ ಆ ಮಂಡಿಯನ್ನು ಮತ್ತೆ ಮಡಚಲಾಗಲಿಲ್ಲ. ಕ್ಲಚ್ ತುಳಿಯುವುದು ಕನಸಾಯಿತು.

"ಬೇಜಾರೆಂತಕ್ಕೆ?" ಎಂದ ಇದಿನಬ್ಬ. "ಇದಕ್ಕೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುವ. ಕಾರು ನಿಮ್ಮದೇ, ರೋಡು ನಿಮ್ಮದೇ."

"ಬೇಕಾದರೆ ನನ್ನ ಹೆಣ ಆಟೋಮ್ಯಾಟಿಕ್‌ನಲ್ಲಿ ಹೋಗಲಿ. ನಾನು ಓಡಿಸುದಿಲ್ಲ."

ಹಾಗೆಂದವರನ್ನು ವಾರವಾರವೂ ಆಸ್ಪತ್ರೆಗೆ ಕೊಂಡೊಯ್ದದ್ದು ಹೆಂಡತಿಯ ಆಟೋಮ್ಯಾಟಿಕ್ಕೇ. ಮುಂದೆ ಕೂರಲು ನಾಚಿ ಅವರು ಹಿಂದಿನ ಸೀಟು ಹಿಡಿದರು. ನಾನು ಶೆಡ್ಡಿನಲ್ಲಿ ಧೂಳು ತಿಂದೆ.

ಕೊನೆಗೆ ಮಣಿಪಾಲದ ಕೌಶಿಕ್ ಹೆಗ್ಡೆ ಎಂಬ ತರುಣ ಕಾರಿನ ಸಮೇತ ನನ್ನನ್ನು ಕೊಂಡ. "ಒಂದು ಸ್ಕ್ರೂ ಸಹ ಮುಟ್ಟುದಿಲ್ಲ ಸಾರ್," ಎಂದು ಆಣೆಯಿಟ್ಟ. ಮಳೆಗಾಲ ಮುಗಿಯುವುದರೊಳಗೆ ನನ್ನ ಕೆಳಗಿನ ಪೆಟ್ಟಿಗೆಯನ್ನೇ ಕಿತ್ತು ಆಟೋಮ್ಯಾಟಿಕ್ ಕೂರಿಸಿದ. ನನ್ನನ್ನು ಮಾತ್ರ ಬಿಸಾಡಲಿಲ್ಲ. ಫೋಟೋಗಳಲ್ಲಿ ನಾನು ಚೆಂದ ಕಾಣುತ್ತಿದ್ದೆನಂತೆ! ಯಾವುದಕ್ಕೂ ಜೋಡಿಸದೆ, ನನ್ನ ಬುಡಕ್ಕೆ ಬರೀ ಒಂದು ಸ್ಪ್ರಿಂಗ್ ಸಿಕ್ಕಿಸಿದ. ಗೆಳೆಯರು ಪಕ್ಕದಲ್ಲಿದ್ದಾಗ ನನ್ನನ್ನು ಅತ್ತಿತ್ತ ಆಡಿಸುತ್ತ, "ಆಟೋಮ್ಯಾಟಿಕ್ ಓಡಿಸುವವರೆಲ್ಲ ಡ್ರೈವರಾ?" ಎನ್ನುತ್ತಿದ್ದ. ಹೆಣಕ್ಕೆ ಕಟ್ಟಿದ ಪೇಟದಂತೆ ನಾನು ಮೆರೆದೆ.

ಮಲ್ಪೆಯ ಕಡಲ ತೀರದಲ್ಲಿ ಹಳೆಯ ಕಾರುಗಳ ಮೇಳವೊಂದು ನಡೆಯಿತು. ಕೋಲೂರಿಕೊಂಡು ಆಳ್ವರು ಬಂದರು, ಜೊತೆಗೆ ವಾರಿಜ. ಹೆಗ್ಡೆ ಸಂಕೋಚದಿಂದಲೇ ಪೆಟ್ಟಿಗೆ ಬದಲಿಸಿದ್ದನ್ನು ಒಪ್ಪಿಕೊಂಡು, ಕೀಲಿಕೈಯನ್ನು ಮುಂದೆ ಚಾಚಿದ. "ಸಾರ್, ಈಗ ನೀವೇ ಓಡಿಸಬಹುದು. ಎಡಗಾಲು ಬೇಡ."

ಆಳ್ವರ ಮೋರೆ ಕೆಂಪೇರಿತು. ಆದರೂ ಅವರ ಕಣ್ಣು ನನ್ನ ಮೇಲೆಯೇ ಇತ್ತು. ಕೈ ತಾನಾಗಿ ಮೇಲೆದ್ದಿತು. ಬೆರಳು ಕೀಲಿಕೈಯನ್ನು ಇನ್ನೇನು ಮುಟ್ಟಬೇಕು. ಅಷ್ಟರಲ್ಲಿ, ಒಂದು ಕಾಲಕ್ಕೆ ಅವರಿಂದಲೇ ನಗೆಪಾಟಲಾಗಿದ್ದ ಮುದುಕರೊಬ್ಬರು ಗುಂಪಿನಿಂದ ಕೂಗಿದರು: "ಎಂತ ಆಳ್ವರೇ, ಎಡಗಾಲು ಮನೆಯಲ್ಲಿಟ್ಟು ಬಂದದ್ದಾ?"

ನಗು ಅಲೆಯಾಗಿ ಎದ್ದಿತು. ಚಾಚಿದ ಕೈ ಹಿಂದೆ ಸರಿಯಿತು.

"ಕೊಡಿ ಇಲ್ಲಿ," ಎಂದು ವಾರಿಜ ಕೀಲಿಕೈ ತೆಗೆದುಕೊಂಡರು. "ಹತ್ತಿ ಮಾರಾಯ್ರೆ."

ಪಣಂಬೂರಿನ ಆ ದಿನದ ಬಳಿಕ ಮೊದಲ ಬಾರಿಗೆ ಆಳ್ವರು ನನ್ನ ಎಡಬದಿಯಲ್ಲಿ ಕುಳಿತರು. ಕಾರು ತೀರದುದ್ದಕ್ಕೂ ನುಣ್ಣಗೆ ಓಡಿತು. ವೇಗ ಏರುತ್ತಿದ್ದಂತೆ ಅವರ ಬಲಗೈ ನನ್ನ ಮೇಲೆ ಬಂತು. ಆ ಕೈಯ ಪರಿಚಯ ನನಗಿರಲಿಲ್ಲ. ಎಡ ಅಂಗೈಗೆಂದು ಸವೆದ ತಲೆ ಅದಕ್ಕೆ ಒಗ್ಗಲಿಲ್ಲ. ಆದರೂ ಅವರು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ನನ್ನನ್ನು ಎರಡರಿಂದ ಮೂರಕ್ಕೆ ತಳ್ಳಿದರು.

ವಾರಿಜ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಮೂರನೇ ಗೇರು ಆಗಲೇ ಬಿದ್ದಾಯ್ತು."

ಆಳ್ವರು ಕೈ ತೆಗೆದರು. ಮತ್ತೆಂದೂ ನನ್ನನ್ನು ಮುಟ್ಟಲಿಲ್ಲ.

ಹೆಗ್ಡೆಗೂ ನಾನು ಬೇಸರವಾದೆ. ನನ್ನ ಜಾಗದಲ್ಲಿ ಈಗ ಕಾಫಿಯ ಲೋಟ ಇಡುವ ಗೂಡಿದೆಯಂತೆ. ಗುಜರಿಗೆ ಬಿದ್ದ ನನ್ನನ್ನು ಇದಿನಬ್ಬ ಗುರುತಿಸಿ ತಂದ. ಗ್ಯಾರೇಜಿನ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವುದೇ ಈಗ ನನ್ನ ವೃತ್ತಿ. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತಿದೆ. ಬೀಟೆ ಮಾತ್ರ ಹಾಗೆಯೇ ಇದೆ.

ಮೊನ್ನೆ ವಾರಿಜ ತಮ್ಮ ಕಾರಿನ ಆಯಿಲ್ ಬದಲಿಸಲು ಬಂದವರು ನನ್ನನ್ನು ಕೈಗೆತ್ತಿಕೊಂಡರು. ನೆತ್ತಿಯ ಮೇಲೆ ಬೆರಳಾಡಿಸಿ ಕೇಳಿದರು: "ಇದರಲ್ಲಿ ಹಿಂದಕ್ಕೆ ಹೋಗುದು ಎಲ್ಲಿ ಉಂಟು?"

"ಕೆತ್ತಲಿಕ್ಕೆ ಬಿಡ್ಲಿಲ್ಲ ವಾರಿಜಕ್ಕ," ಎಂದ ಇದಿನಬ್ಬ.

ಅವರು ನನ್ನನ್ನು ಮೊದಲಿನ ಜಾಗದಲ್ಲೇ ಇಟ್ಟರು. ಆಮೇಲೆ ಹೊರಗೆ ಹೋಗಿ, ಆ ಇಕ್ಕಟ್ಟಿನ ಓಣಿಯಲ್ಲಿ ತಮ್ಮ ಕಾರನ್ನು ಒಂದೇ ಸಲಕ್ಕೆ ಹಿಂದಕ್ಕೆ ತೆಗೆದರು. ಹಿಂದಿನ ಸೀಟಿನಲ್ಲಿ ಆಳ್ವರು ಕಣ್ಣು ಮುಚ್ಚಿ ಕುಳಿತಿದ್ದರು.